ಟೋಪಾಜ್ ಬೆಟ್ಟ: ಕೈಪಿಡಿ ಹೇಳುವುದು, ಕಲ್ಲು ಹೇಳುವುದು

ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಜುವಾಬ್ ಕೌಂಟಿಯ ಮರುಭೂಮಿಯ ನಡುವೆ, ಥಾಮಸ್ ರೇಂಜ್ ಎಂಬ ಬೋಳು ಬೆಟ್ಟಸಾಲಿದೆ. ಅದರ ದಕ್ಷಿಣ ತುದಿಯೇ ಟೋಪಾಜ್ ಬೆಟ್ಟ. ಖನಿಜ ಸಂಗ್ರಾಹಕರಿಗೆ ಇದೊಂದು ಯಾತ್ರಾಸ್ಥಳ. ಸುತ್ತಿಗೆ, ಉಳಿ, ನೀರಿನ ಬಾಟಲಿ ಹಿಡಿದು ಬರುವವರು ಬೂದು ಬಣ್ಣದ ಬಂಡೆ ಒಡೆದು ಟೋಪಾಜ್ ಹರಳು ಆರಿಸುತ್ತಾರೆ. ಅದೃಷ್ಟವಿದ್ದರೆ ಕೆಂಪು ಬೆರಿಲ್, ಕಪ್ಪು ಘನಾಕೃತಿಯ ಬಿಕ್ಸ್‌ಬೈಟ್, ಗಾರ್ನೆಟ್ ಸಹ ಸಿಗುತ್ತವೆ. ಈ ಸ್ಥಳದ ಬಗ್ಗೆ ಸಂಗ್ರಾಹಕರಿಗಾಗಿ ಬರೆದ ಕೈಪಿಡಿಗಳು, ಜನಪ್ರಿಯ ಲೇಖನಗಳು ಬಹಳಷ್ಟಿವೆ. ಭೂವಿಜ್ಞಾನಿಗಳ ಗಂಭೀರ ಗ್ರಂಥಗಳೂ ಇವೆ. ಈ ಎರಡು ಬಗೆಯ ಬರವಣಿಗೆಯನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ದೂರದ ದೇಶದ ಒಂದು ಬೆಟ್ಟದ ಕುರಿತ ಬರಹಗಳನ್ನು ನಾವೇಕೆ ವಿಮರ್ಶಿಸಬೇಕು? ಕಾರಣ ಸರಳ. ಖನಿಜಗಳ ಬಗ್ಗೆ ನಮ್ಮ ತರಗತಿಗಳಲ್ಲಿ ನಡೆಯುವ ಪಾಠವೂ ಬಹುಮಟ್ಟಿಗೆ ಕೈಪಿಡಿಯ ಧಾಟಿಯಲ್ಲೇ ಇದೆ. ಹೆಸರು, ಬಣ್ಣ, ಕಾಠಿಣ್ಯ, ಹೊಳಪು, ದೊರೆಯುವ ಸ್ಥಳ. ಅಲ್ಲಿಗೆ ಪಾಠ ಮುಗಿಯುತ್ತದೆ. ಆ ಧಾಟಿಯಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಚೆನ್ನಾಗಿ ಅಧ್ಯಯನವಾಗಿರುವ ಒಂದು ಸ್ಥಳದ ನೆರವಿನಿಂದ ಸ್ಪಷ್ಟವಾಗಿ ಕಾಣಬಹುದು.

ಮೊದಲು ಕೈಪಿಡಿಗಳ ಸದ್ಗುಣ. ದಾರಿ, ಹವೆ, ಬೇಕಾದ ಉಪಕರಣ, ಯಾವ ಜಾಗ ಸಾರ್ವಜನಿಕ ಭೂಮಿ, ಯಾವುದು ಖಾಸಗಿ ಗಣಿ ಹಕ್ಕಿಗೆ ಸೇರಿದ್ದು ಎಂಬುದನ್ನೆಲ್ಲ ಅವು ಸಾಮಾನ್ಯವಾಗಿ ಎಚ್ಚರದಿಂದ ತಿಳಿಸುತ್ತವೆ. ಹರಳಿನ ಆಕಾರವನ್ನು ಅವು ವರ್ಣಿಸುವ ರೀತಿಯೂ ಮೆಚ್ಚುವಂಥದು. ವೃತ್ತಿ ವಿಜ್ಞಾನಿಗಳು ನೋಡದೆ ಬಿಟ್ಟ ಎಷ್ಟೋ ಖನಿಜಗಳನ್ನು ಹವ್ಯಾಸಿಗಳು ಕಂಡುಹಿಡಿದಿದ್ದಾರೆ. ಈ ಬೆಟ್ಟಸಾಲಿನ ಬಿಕ್ಸ್‌ಬೈಟ್ ಖನಿಜಕ್ಕೆ 1897ರಲ್ಲಿ ಪೆನ್‌ಫೀಲ್ಡ್ ಮತ್ತು ಫೂಟ್ ಇಟ್ಟ ಹೆಸರು ಮೇನಾರ್ಡ್ ಬಿಕ್ಸ್‌ಬಿ ಎಂಬ ಖನಿಜಾನ್ವೇಷಕನದು. ಆದ್ದರಿಂದ ಸಂಗ್ರಾಹಕರನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ನನ್ನ ಆಕ್ಷೇಪ ಅವರ ಬರಹಗಳು ಕಾರಣವನ್ನು ಹೇಳುವ ಬಗೆಗೆ ಸಂಬಂಧಿಸಿದ್ದು.

ಮರುಭೂಮಿಯ ಪಾತ್ರ

'ಮರುಭೂಮಿಯ ರತ್ನ' ಎಂಬ ಮಾತು ಇಂಥ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಬಿಸಿಲು, ಒಣಹವೆ ಮತ್ತು ಹರಳು ಇವುಗಳ ನಡುವೆ ಏನೋ ಸಂಬಂಧವಿದೆಯೆಂದು ಓದುವ ವಿದ್ಯಾರ್ಥಿ ಭಾವಿಸುತ್ತಾನೆ. ಸಂಬಂಧ ಇದೆ. ಆದರೆ ಅದು ಹುಟ್ಟಿನ ಸಂಬಂಧವಲ್ಲ.

ಟೋಪಾಜ್ ಇರುವ ಶಿಲೆಗೆ ಟೋಪಾಜ್ ಮೌಂಟನ್ ರಯೊಲೈಟ್ ಎಂದು ಹೆಸರು. ಅದರ ವಯಸ್ಸು 60ರಿಂದ 70 ಲಕ್ಷ ವರ್ಷ. ಲಾವಾ ಹರಿದು ಗಟ್ಟಿಯಾದಾಗಲೇ ಹರಳುಗಳೂ ರೂಪುಗೊಂಡವು. ಈಗ ನಾವು ಕಾಣುವ ಮರುಭೂಮಿಯಾದರೋ ತೀರ ಇತ್ತೀಚಿನದು. ಸುಮಾರು 18,000 ವರ್ಷಗಳ ಹಿಂದೆ ಈ ಪ್ರದೇಶದ ಕಣಿವೆಗಳಲ್ಲಿ ಬಾನೆವಿಲ್ ಎಂಬ ಬೃಹತ್ ಸರೋವರ ತುಂಬಿ ನಿಂತಿತ್ತು. ಅದರ ವಿಸ್ತಾರ ಸುಮಾರು 50,000 ಚದರ ಕಿಲೋಮೀಟರ್. ಇಂದಿನ ಗ್ರೇಟ್ ಸಾಲ್ಟ್ ಸರೋವರ ಅದರ ಉಳಿಕೆ. ಜಿ.ಕೆ. ಗಿಲ್ಬರ್ಟ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಟ್ಟಗಳ ಇಳಿಜಾರಿನ ಮೇಲೆ ಉಳಿದಿರುವ ಹಳೆಯ ದಡದ ಗೆರೆಗಳಿಂದ ಈ ಸರೋವರದ ಚರಿತ್ರೆಯನ್ನು ಬಿಡಿಸಿ ತೋರಿಸಿದ.

ಹಾಗಾದರೆ ಮರುಭೂಮಿ ಮಾಡಿದ್ದೇನು? ಮಳೆ ಕಡಿಮೆಯಾದ್ದರಿಂದ ಬಂಡೆಯ ರಾಸಾಯನಿಕ ಶಿಥಿಲೀಕರಣ ನಿಧಾನ. ಮಣ್ಣು ತೆಳು, ಗಿಡಮರ ವಿರಳ. ಬಂಡೆ ಬೆತ್ತಲೆಯಾಗಿ ಕಾಣುತ್ತದೆ. ಬಂಡೆ ಸವೆದಾಗ ಕಾಠಿಣ್ಯ 8ರ ಟೋಪಾಜ್ ಅಷ್ಟು ಸುಲಭವಾಗಿ ಸವೆಯದೆ ಹಳ್ಳಗಳ ಮರಳಿನಲ್ಲಿ ಉಳಿಯುತ್ತದೆ. ಇದೇ ರಯೊಲೈಟ್ ಮಲೆನಾಡಿನಂಥ ಮಳೆಪ್ರದೇಶದಲ್ಲಿದ್ದಿದ್ದರೆ ಅದರ ಮೇಲೆ ಕೆಲವು ಮೀಟರ್ ಮಣ್ಣು, ಅದರ ಮೇಲೆ ಕಾಡು ಇರುತ್ತಿತ್ತು. ಹರಳುಗಳು ಅಷ್ಟೇ ಇರುತ್ತಿದ್ದವು, ಕಾಣುತ್ತಿರಲಿಲ್ಲ. ಇರುವುದು ಬೇರೆ, ಕಾಣುವುದು ಬೇರೆ ಎಂಬ ಈ ವ್ಯತ್ಯಾಸ ಮುಂದೆಯೂ ನಮಗೆ ಬೇಕಾಗುತ್ತದೆ.

ನಿಧಾನವಾಗಿ ತಣಿಯಿತೆಂಬ ಸೂತ್ರ

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. 'ಶಿಲಾಪಾಕ ನಿಧಾನವಾಗಿ ತಣಿದರೆ ದೊಡ್ಡ ಹರಳು, ಬೇಗ ತಣಿದರೆ ಸಣ್ಣ ಹರಳು' ಎಂಬ ಸೂತ್ರವನ್ನು ನಾವೆಲ್ಲ ಕಲಿಸುತ್ತೇವೆ. ಗ್ರಾನೈಟ್ ಮತ್ತು ಬಸಾಲ್ಟ್‌ಗಳ ಹೋಲಿಕೆಗೆ ಅದು ಸರಿ. ಕೈಪಿಡಿಗಳು ಇದೇ ಸೂತ್ರವನ್ನು ಟೋಪಾಜ್ ಬೆಟ್ಟಕ್ಕೂ ಅಂಟಿಸಿಬಿಡುತ್ತವೆ. ಆದರೆ ಇಲ್ಲಿನ ಬಂಡೆ ನೆಲದ ಮೇಲೆ ಹರಿದ ಲಾವಾ. ಅದರ ಮೈ ಸೂಕ್ಷ್ಮ ಕಣಗಳದು, ಕೆಲವೆಡೆ ಗಾಜಿನಂಥದು. ಸೂತ್ರದ ಪ್ರಕಾರ ಇಂಥ ಕಲ್ಲಿನಲ್ಲಿ ಸೆಂಟಿಮೀಟರುಗಟ್ಟಲೆ ಉದ್ದದ ಟೋಪಾಜ್ ಇರಲೇಬಾರದು. ಇದೆ. ಆದ್ದರಿಂದ ಬೇರೆ ಕಾರಣ ಹುಡುಕಬೇಕು.

ಹರಳುಗಳು ಎಲ್ಲಿ ಕುಳಿತಿವೆ ಎಂದು ನೋಡಿದರೆ ಕಾರಣದ ಸುಳಿವು ದೊರೆಯುತ್ತದೆ. ಅವು ಬಂಡೆಯೊಳಗಿನ ಟೊಳ್ಳುಗಳ ಗೋಡೆಗೆ ಅಂಟಿಕೊಂಡಿವೆ. ಇಂಥ ಟೊಳ್ಳುಗಳಿಗೆ ಲಿಥೊಫೈಸಾ ಎಂದು ಹೆಸರು, ಎಂದರೆ ಕಲ್ಲಿನ ಗುಳ್ಳೆ. ಲಾವಾ ಗಟ್ಟಿಯಾಗುವಾಗ ಅದರಲ್ಲಿ ಕರಗಿದ್ದ ಅನಿಲ ಹೊರಬಿದ್ದು ಈ ಗುಳ್ಳೆಗಳಾದವು. ಈ ಲಾವಾದ ವಿಶೇಷವೆಂದರೆ ಅದರಲ್ಲಿ ಫ್ಲೋರಿನ್ ಅಧಿಕ. ಟೋಪಾಜ್ ರಯೊಲೈಟ್‌ಗಳಲ್ಲಿ ತೂಕದ ಶೇಕಡ 0.2ಕ್ಕಿಂತ ಹೆಚ್ಚು ಫ್ಲೋರಿನ್ ಇರುತ್ತದೆ. ಕಡಿಮೆ ಎನ್ನಿಸಿದರೂ ಅದರ ಪರಿಣಾಮ ದೊಡ್ಡದು. ಸಿಲಿಕಾ ಸರಪಳಿಗಳನ್ನು ಫ್ಲೋರಿನ್ ತುಂಡರಿಸುವುದರಿಂದ ಶಿಲಾಪಾಕದ ಸ್ನಿಗ್ಧತೆ ಇಳಿಯುತ್ತದೆ, ಅದು ಪೂರ್ತಿ ಗಟ್ಟಿಯಾಗುವ ತಾಪವೂ ಇಳಿಯುತ್ತದೆ. ಬೆಣಚು, ಫೆಲ್ಡ್‌ಸ್ಪಾರ್‌ಗಳು ಮೊದಲು ಹರಳುಗಟ್ಟಿದಾಗ ಅವುಗಳಲ್ಲಿ ಸ್ಥಾನ ಸಿಗದ ಫ್ಲೋರಿನ್ ಉಳಿದ ದ್ರವದಲ್ಲಿ, ಕೊನೆಗೆ ಬಿಸಿ ಅನಿಲದಲ್ಲಿ ಶೇಖರವಾಗುತ್ತದೆ.

ಈ ಅನಿಲ ಅಲ್ಯೂಮಿನಿಯಮ್ ಮತ್ತು ಸಿಲಿಕಾನ್‌ಗಳನ್ನು ಫ್ಲೋರೈಡುಗಳ ರೂಪದಲ್ಲಿ ಹೊತ್ತು ತರಬಲ್ಲದು. ಒಂದು ಸರಳ ಸಮೀಕರಣವನ್ನು ಮಾತಿನಲ್ಲೇ ಬರೆಯೋಣ. ಒಂದು ಅಣು ಸಿಲಿಕಾನ್ ಟೆಟ್ರಾಫ್ಲೋರೈಡ್, ಎರಡು ಅಣು ಅಲ್ಯೂಮಿನಿಯಮ್ ಫ್ಲೋರೈಡ್, ನಾಲ್ಕು ಅಣು ನೀರಾವಿ ಸೇರಿದರೆ ಒಂದು ಪಾಲು ಟೋಪಾಜ್ ಮತ್ತು ಎಂಟು ಅಣು ಹೈಡ್ರೊಜನ್ ಫ್ಲೋರೈಡ್. ಟೋಪಾಜಿನ ಪ್ರತಿ ಘಟಕದಲ್ಲಿ ಎರಡು ಅಲ್ಯೂಮಿನಿಯಮ್, ಒಂದು ಸಿಲಿಕಾನ್, ನಾಲ್ಕು ಆಕ್ಸಿಜನ್, ಎರಡು ಫ್ಲೋರಿನ್. (ಫ್ಲೋರಿನ್ನಿನ ಸ್ವಲ್ಪ ಭಾಗವನ್ನು ಹೈಡ್ರಾಕ್ಸಿಲ್ ಆಕ್ರಮಿಸಬಹುದು.) ವಿದ್ಯಾರ್ಥಿಗಳು ಎರಡೂ ಬದಿಯ ಪರಮಾಣುಗಳನ್ನು ಎಣಿಸಿ ಸರಿದೂಗಿಸಿ ನೋಡಲಿ. ಅನಿಲದಲ್ಲಿ ಕಣಗಳ ಚಲನೆ ಸರಾಗ, ಹರಳು ಮೊಳೆಯುವ ಬಿಂದುಗಳು ಕಡಿಮೆ, ಬೆಳೆಯಲು ಸುತ್ತ ಖಾಲಿ ಜಾಗ ಇದೆ. ಆದ್ದರಿಂದ ಕೆಲವೇ ಹರಳುಗಳು ಸ್ಪಷ್ಟ ಮುಖಗಳೊಡನೆ ದೊಡ್ಡದಾಗಿ ಬೆಳೆದವು.

ಇದಕ್ಕೊಂದು ಅಡ್ಡಪರೀಕ್ಷೆಯೂ ಅದೇ ಬೆಟ್ಟದಲ್ಲಿದೆ. ಟೊಳ್ಳಿನಲ್ಲಲ್ಲದೆ ಬಂಡೆಯೊಳಗೇ ಬೆಳೆದ ಟೋಪಾಜ್‌ಗಳೂ ಅಲ್ಲಿ ಸಿಗುತ್ತವೆ. ಅವು ಪಾರದರ್ಶಕವಲ್ಲ. ಬೂದು ಬಣ್ಣ, ಒರಟು ಮೈ, ಒಳಗೆಲ್ಲ ಬೆಣಚಿನ ಕಣಗಳು. ಖಾಲಿ ಜಾಗ ಸಿಗದ ಹರಳು ಸುತ್ತಲಿನ ಕಣಗಳನ್ನು ನುಂಗಿಕೊಂಡೇ ಬೆಳೆಯಿತು. ಕೈಪಿಡಿಗಳು ಇವನ್ನು 'ಕಳಪೆ ದರ್ಜೆ' ಎಂದು ಒಂದು ಸಾಲಿನಲ್ಲಿ ತಳ್ಳಿಹಾಕುತ್ತವೆ. ಬೆಳವಣಿಗೆಯ ಪರಿಸರವನ್ನು ಹೇಳುವ ಮಟ್ಟಿಗೆ ಈ 'ಕಳಪೆ' ಹರಳಿನ ಸಾಕ್ಷ್ಯ ಹೊಳೆಯುವ ಹರಳಿನದಷ್ಟೇ ಮುಖ್ಯ.

ಬಣ್ಣ ಯಾವುದು?

ಈ ಬೆಟ್ಟದ ಟೋಪಾಜಿನ ಬಣ್ಣವೇನು ಎಂದು ಕೇಳಿದರೆ ಒಂದು ಕೈಪಿಡಿ 'ವರ್ಣರಹಿತ' ಎನ್ನುತ್ತದೆ, ಇನ್ನೊಂದು 'ಜೇನುಬಣ್ಣ' ಎನ್ನುತ್ತದೆ. ಎರಡೂ ನಿಜ. ಎರಡೂ ಅಪೂರ್ಣ. ಹಳ್ಳದ ಮರಳಿನಲ್ಲಿ ಆರಿಸಿದವನಿಗೆ ಸಿಗುವುದು ವರ್ಣರಹಿತ ಹರಳು. ಬಂಡೆ ಒಡೆದು ಮುಚ್ಚಿದ ಟೊಳ್ಳಿನಿಂದ ತೆಗೆದವನಿಗೆ ಸಿಗುವುದು ಜೇನುಬಣ್ಣದ ಹರಳು. ಆ ಹರಳನ್ನು ಬಿಸಿಲಿನಲ್ಲಿಟ್ಟರೆ ಕ್ರಮೇಣ ಅದೂ ಬಣ್ಣ ಕಳೆದುಕೊಳ್ಳುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ವರ್ಣಕೇಂದ್ರಗಳ ಸೊಗಸಾದ ಉದಾಹರಣೆ. ಹರಳಿನ ಜಾಲಕದಲ್ಲಿ ಸಣ್ಣ ದೋಷಗಳಿರುತ್ತವೆ. ವಿಕಿರಣದ ಹೊಡೆತಕ್ಕೆ ಸ್ಥಾನ ಬಿಟ್ಟ ಇಲೆಕ್ಟ್ರಾನು ಇಂಥ ದೋಷದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಹರಳು ಗೋಚರ ಬೆಳಕಿನ ಒಂದು ಭಾಗವನ್ನು ಹೀರುತ್ತದೆ, ಬಣ್ಣ ಕಾಣುತ್ತದೆ. ಕೆಲವು ಕೇಂದ್ರಗಳು ಎಷ್ಟು ಸಡಿಲವೆಂದರೆ ಬಿಸಿಲಿನ ಫೋಟಾನುಗಳೇ ಇಲೆಕ್ಟ್ರಾನನ್ನು ಬಿಡಿಸಿ ಕಳಿಸಬಲ್ಲವು. ಆಗ ಬಣ್ಣ ಹೋಗುತ್ತದೆ. ಆಭರಣದಂಗಡಿಯ ನೀಲಿ ಟೋಪಾಜ್ ಬಹುಪಾಲು ವರ್ಣರಹಿತ ಹರಳಿಗೆ ವಿಕಿರಣ ಹಾಯಿಸಿ, ಆಮೇಲೆ ಕಾಯಿಸಿ ತಯಾರಿಸಿದ್ದು. ಅದರ ನೀಲಿ ಕೇಂದ್ರಗಳು ಬಿಸಿಲಿಗೆ ಜಗ್ಗುವುದಿಲ್ಲ.

ಹಾಗಾಗಿ 'ಈ ಬೆಟ್ಟದ ಟೋಪಾಜ್ ವರ್ಣರಹಿತ' ಎಂಬ ವಾಕ್ಯ ಖನಿಜವನ್ನು ವರ್ಣಿಸುತ್ತಿಲ್ಲ, ಆರಿಸಿದ ವಿಧಾನವನ್ನು ವರ್ಣಿಸುತ್ತಿದೆ. ಮಾದರಿಯನ್ನು ಆಯ್ದ ರೀತಿಯೇ ಫಲಿತಾಂಶವನ್ನು ನಿರ್ಧರಿಸಿಬಿಡುವ ಈ ಅಪಾಯ ಖನಿಜವಿಜ್ಞಾನದಲ್ಲಿ ಮಾತ್ರವಲ್ಲ, ಎಲ್ಲ ಪ್ರಾಯೋಗಿಕ ವಿಜ್ಞಾನದಲ್ಲೂ ಇದೆ. ಹರಳಿನ ಜೊತೆ 'ಟೊಳ್ಳಿನಿಂದ' ಅಥವಾ 'ಹಳ್ಳದಿಂದ' ಎಂಬ ಒಂದು ಪದ ಬರೆದಿಟ್ಟಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಹೆಸರಿನ ತೊಡಕು

ಹೆಸರುಗಳ ವಿಷಯದಲ್ಲಿ ಕನ್ನಡದ ಬರಹಗಳೂ ಎಚ್ಚರ ತಪ್ಪುತ್ತವೆ. ನಿಘಂಟುಗಳಲ್ಲಿ ಟೋಪಾಜ್‌ಗೆ ಪುಷ್ಯರಾಗ ಎಂಬ ಅರ್ಥ ಕಾಣುತ್ತದೆ. ನವರತ್ನದ ಉಂಗುರ ಮಾಡುವ ಅಂಗಡಿಯಲ್ಲಿ ಪುಷ್ಯರಾಗ ಎಂದರೆ ಸಾಮಾನ್ಯವಾಗಿ ಹಳದಿ ನೀಲಮಣಿ, ಅಂದರೆ ಕುರಂಡ. ಒಂದು ಅಲ್ಯೂಮಿನಿಯಮ್ ಸಿಲಿಕೇಟ್, ಇನ್ನೊಂದು ಬರಿಯ ಅಲ್ಯೂಮಿನಿಯಮ್ ಆಕ್ಸೈಡ್. ಇದರ ಜೊತೆಗೆ ಹಳದಿ ಬೆಣಚನ್ನೂ ಟೋಪಾಜ್ ಎಂದು ಮಾರುವುದುಂಟು. ಹೀಗೆ ಒಂದು ಹೆಸರಿನಡಿ ಮೂರು ಖನಿಜಗಳು.

ಯೂಟಾದಲ್ಲೂ ಇಂಥದೇ ಕತೆ ನಡೆದಿದೆ. ಬಿಕ್ಸ್‌ಬಿ 1904ರಲ್ಲಿ ಕಂಡ ಕೆಂಪು ಬೆರಿಲ್‌ಗೆ 1912ರಲ್ಲಿ 'ಬಿಕ್ಸ್‌ಬೈಟ್' ಎಂದೇ ಕೇಳಿಸುವ ಹೆಸರೊಂದನ್ನು ಕೊಡಲಾಯಿತು. ಅದಾಗಲೇ ಕಪ್ಪು ಘನಾಕೃತಿಯ ಖನಿಜಕ್ಕೆ ಆ ಹೆಸರಿತ್ತು. ಒಂದು ಬೆರಿಲಿಯಮ್ ಸಿಲಿಕೇಟ್, ಇನ್ನೊಂದು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್. ಎರಡೂ ಒಂದೇ ಬೆಟ್ಟದಲ್ಲಿ, ಕೆಲವೊಮ್ಮೆ ಒಂದೇ ಟೊಳ್ಳಿನಲ್ಲಿ! ಕೆಂಪು ಬೆರಿಲ್‌ಗೆ ಆ ಹೆಸರನ್ನು ಈಗ ಖನಿಜವಿಜ್ಞಾನಿಗಳು ಬಳಸುವುದಿಲ್ಲ. ಇವೆರಡು ಜೊತೆಗಿರುವುದು ಕಾಕತಾಳೀಯವೂ ಅಲ್ಲ. ಬೆರಿಲ್‌ನ ಕೆಂಪಿಗೂ ಬಿಕ್ಸ್‌ಬೈಟ್‌ಗೂ ಬೇಕಾದದ್ದು ಮೂರು ಧನಾವೇಶದ ಮ್ಯಾಂಗನೀಸ್. ಅದು ಉಳಿಯಬೇಕಾದರೆ ಟೊಳ್ಳಿನ ಅನಿಲ ಉತ್ಕರ್ಷಣಶೀಲವಾಗಿರಬೇಕು. ಜೊತೆಗೆ ಸಿಗುವ ಹೆಮಟೈಟ್ ಇದನ್ನೇ ಸಮರ್ಥಿಸುತ್ತದೆ. ಹೆಸರಿನ ಗೊಂದಲ ಬಿಡಿಸುವ ಹೊತ್ತಿಗೆ ಟೊಳ್ಳಿನೊಳಗಿನ ರಸಾಯನ ಸ್ಥಿತಿಯೇ ನಮಗೆ ಗೊತ್ತಾಗುತ್ತದೆ.

ಶಾಲೆಯಲ್ಲಿ ಹೆಸರನ್ನು ಪರೀಕ್ಷಿಸಲು ಆರ್ಕಿಮಿಡೀಸನ ತತ್ತ್ವ ಸಾಕು. ಗಾಳಿಯಲ್ಲಿ 7.0 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 2.0 ಗ್ರಾಂ ತೂಕ ಕಳೆದುಕೊಂಡರೆ ಸಾಪೇಕ್ಷ ಸಾಂದ್ರತೆ 3.5, ಅದು ಟೋಪಾಜ್ ಇರಬಹುದು. 1.75 ಗ್ರಾಂ ಕಳೆದುಕೊಂಡರೆ 4.0, ಕುರಂಡ. ಸುಮಾರು 2.64 ಗ್ರಾಂ ಕಳೆದುಕೊಂಡರೆ 2.65, ಬೆಣಚು. ಇನ್ನೂ ಒಂದು ಲೆಕ್ಕ: ಬೆಣಚಿನ ಕಣ ನುಂಗಿದ ಟೋಪಾಜಿನ ಸಾಂದ್ರತೆ 3.25 ಬಂದರೆ, ಶುದ್ಧ ಟೋಪಾಜಿಗೆ 3.55 ಎಂದಿಟ್ಟುಕೊಂಡು, ಅದರ ಗಾತ್ರದಲ್ಲಿ ಬೆಣಚಿನ ಪಾಲು ಎಷ್ಟು? ಮೂರನೆಯ ಒಂದು ಎಂದು ವಿದ್ಯಾರ್ಥಿಗಳೇ ಕಂಡುಕೊಳ್ಳಬಹುದು.

ಕಣ್ಣಿಗೆ ಕಾಣದ ಖನಿಜ

ಟೋಪಾಜ್ ಬೆಟ್ಟದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸ್ಪೋರ್ ಬೆಟ್ಟವಿದೆ. ಸಂಗ್ರಾಹಕರ ಬರಹಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ಅಲ್ಲಿ 2.1 ಕೋಟಿ ವರ್ಷ ಹಳೆಯ ಜ್ವಾಲಾಮುಖಿ ಬೂದಿಯ ಶಿಲೆಯೊಳಗೆ ಬರ್ಟ್ರಾಂಡೈಟ್ ಎಂಬ ಬೆರಿಲಿಯಮ್ ಖನಿಜ ಹರಡಿದೆ. ಕಣಗಳು ಎಷ್ಟು ಸೂಕ್ಷ್ಮವೆಂದರೆ ಬರಿಗಣ್ಣಿಗೆ ಅದಿರು ಯಾವುದು, ಬರಿ ಕಲ್ಲು ಯಾವುದು ಎಂದು ತಿಳಿಯುವುದಿಲ್ಲ. ಅದಿರಿನಲ್ಲಿ ಬೆರಿಲಿಯಮ್ ಪ್ರಮಾಣ ಸುಮಾರು ಶೇಕಡ ಕಾಲು ಭಾಗ. ಆದರೂ ಜಗತ್ತಿನ ಬೆರಿಲಿಯಮ್‌ನ ಬಹುಪಾಲು ಬರುತ್ತಿರುವುದು ಈ ಗಣಿಗಳಿಂದಲೇ. 2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ 18 ಕನ್ನಡಿ ತುಣುಕುಗಳ ಬೆರಿಲಿಯಮ್ ಕೂಡ ಯೂಟಾದ್ದು.

ಕಾಣದ ಖನಿಜವನ್ನು ಹುಡುಕಿದ್ದು ಹೇಗೆ? ಇಲ್ಲಿ ಪರಮಾಣು ಭೌತವಿಜ್ಞಾನ ನೆರವಿಗೆ ಬಂದಿತು. ಬೆರಿಲಿಯಮ್ 9ರ ಬೀಜದಿಂದ ಒಂದು ನ್ಯೂಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ ಸುಮಾರು 1.67 ದಶಲಕ್ಷ ಇಲೆಕ್ಟ್ರಾನ್ ವೋಲ್ಟ್, ಇತರ ಬೀಜಗಳಿಗೆ ಹೋಲಿಸಿದರೆ ತೀರ ಕಡಿಮೆ. ಆಂಟಿಮನಿ 124 ಎಂಬ ವಿಕಿರಣಶೀಲ ಸಮಸ್ಥಾನಿ ಇದಕ್ಕಿಂತ ಸ್ವಲ್ಪವೇ ಹೆಚ್ಚು, ಎಂದರೆ ಸುಮಾರು 1.69 ಶಕ್ತಿಯ ಗ್ಯಾಮಾ ಕಿರಣ ಸೂಸುತ್ತದೆ. ಇದನ್ನು ಕಲ್ಲಿನ ಮೇಲೆ ಹಾಯಿಸಿ ನ್ಯೂಟ್ರಾನುಗಳನ್ನು ಎಣಿಸಿದರೆ ಬೆರಿಲಿಯಮ್ ಎಷ್ಟಿದೆ ಎಂದು ತಿಳಿಯುತ್ತದೆ. ಈ ಉಪಕರಣಕ್ಕೆ ಬೆರಿಲೋಮೀಟರ್ ಎಂದು ಹೆಸರು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಗುರುತಿಸಿದ್ದೂ ಬೆರಿಲಿಯಮ್‌ನಿಂದ ಹೊಮ್ಮಿದ ವಿಕಿರಣದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಚೆಲುವಾದ ಹರಳನ್ನೇ ಭೂವಿಜ್ಞಾನವೆಂದು ಭಾವಿಸುವ ಕೈಪಿಡಿಯಲ್ಲಿ ಈ ಅಧ್ಯಾಯಕ್ಕೆ ಎಡೆಯೇ ಇಲ್ಲ.

ಗ್ರಂಥಗಳ ಕೊಡುಗೆ ಮತ್ತು ಕೊರತೆ

ಇನ್ನು ಗಂಭೀರ ಗ್ರಂಥಗಳ ವಿಚಾರ. ಈ ಬೆಟ್ಟದ ಟೋಪಾಜ್ ಮೊದಲು ವರದಿಯಾದದ್ದು 1859ರ ಸಿಂಪ್ಸನ್ ಸರ್ವೇಕ್ಷಣೆಯಲ್ಲಿ. ತಂಡದ ಭೂವಿಜ್ಞಾನಿ ಹೆನ್ರಿ ಎಂಗೆಲ್‌ಮನ್. ವರದಿ ಅಚ್ಚಾದದ್ದು 1876ರಲ್ಲಿ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪರವಾಗಿ ಸ್ಟಾಟ್ಸ್ ಮತ್ತು ಕಾರ್ 1964ರಲ್ಲಿ ಬೆಟ್ಟಸಾಲಿನ ಶಿಲೆಗಳನ್ನೂ ಖನಿಜ ನಿಕ್ಷೇಪಗಳನ್ನೂ ವಿವರಿಸಿದರು. 1982ರಲ್ಲಿ ಡೇವಿಡ್ ಲಿಂಡ್ಸಿ ಇದಕ್ಕೆ ಕಾಲದ ಚೌಕಟ್ಟು ಕೊಟ್ಟರು. ಜ್ವಾಲಾಮುಖಿ ಚಟುವಟಿಕೆ ಸುಮಾರು 4.2 ಕೋಟಿ ವರ್ಷ ಹಿಂದೆ ಆರಂಭವಾಗಿ, ಬೇರೆ ಬೇರೆ ರಾಸಾಯನಿಕ ಗುಣದ ಶಿಲೆಗಳನ್ನು ಹಂತ ಹಂತವಾಗಿ ಕೊಟ್ಟಿತು. ಭೂಚಿಪ್ಪು ಹಿಗ್ಗಿ ಬಿರುಕು ಬಿಡುತ್ತಿದ್ದ ಕಾಲದಲ್ಲಿ 2.1 ಕೋಟಿ ವರ್ಷ ಹಿಂದೆ ಸ್ಪೋರ್ ಬೆಟ್ಟದ ಶಿಲೆಯೂ, ಬಹುಕಾಲದ ನಂತರ ಟೋಪಾಜ್ ಬೆಟ್ಟದ ಶಿಲೆಯೂ ಬಂದವು ಎಂಬುದು ಅವರ ನಿರೂಪಣೆ. ಅಕ್ಕಪಕ್ಕದ ಎರಡು ಬೆಟ್ಟಗಳ ನಡುವೆ ಸುಮಾರು 1.4 ಕೋಟಿ ವರ್ಷಗಳ ಅಂತರ! ಇದನ್ನು ಬಣ್ಣ, ಕಾಠಿಣ್ಯಗಳ ಪಟ್ಟಿ ಎಂದಿಗೂ ಹೇಳಲಾರದು.

ಮೂರನೆಯ ಹೆಜ್ಜೆ 1986ರ ಕ್ರಿಸ್ಟಿಯನ್‌ಸೆನ್, ಶೆರಿಡನ್ ಮತ್ತು ಬರ್ಟ್ ಅವರ ಗ್ರಂಥ. ಪಶ್ಚಿಮ ಅಮೆರಿಕದ ಟೋಪಾಜ್ ರಯೊಲೈಟ್‌ಗಳನ್ನೆಲ್ಲ ಒಂದು ಕುಟುಂಬವಾಗಿ ನೋಡಿ, ಹಿಗ್ಗುತ್ತಿರುವ ಭೂಖಂಡದಡಿ ಭೂಚಿಪ್ಪಿನ ಹಳೆಯ ಶಿಲೆಗಳು ಭಾಗಶಃ ಕರಗಿ ಇವು ಹುಟ್ಟಿದವು ಎಂದು ಅವರು ವಾದಿಸಿದರು. ಮ್ಯಾಂಟಲ್‌ನಿಂದ ಬಂದ ಪಾಲಿಗೂ ನಂತರದ ಅಧ್ಯಯನಗಳು ಸ್ಥಾನ ಕೊಟ್ಟಿವೆ. ಒಂದು ಬೆಟ್ಟದ ಹರಳನ್ನು ಖಂಡದ ಚಲನೆಗೆ ಜೋಡಿಸಿದ್ದು ಈ ಗ್ರಂಥದ ದೊಡ್ಡ ಗುಣ.

ಆದರೆ ಈ ಗ್ರಂಥಗಳಿಗೂ ಮಿತಿಯಿದೆ. ಲಿಂಡ್ಸಿಯವರ ಗ್ರಂಥದ ಶೀರ್ಷಿಕೆಯಲ್ಲೇ ಯುರೇನಿಯಮ್ ಇದೆ. ಅದಿರಿನ ಹುಡುಕಾಟವೇ ಇಂಥ ಅಧ್ಯಯನಗಳಿಗೆ ದಿಕ್ಕು ತೋರಿಸಿತು ಎಂಬುದನ್ನು ಇದು ಸೂಚಿಸುತ್ತದೆ. ತಜ್ಞರಿಗಾಗಿ ಬರೆದ ಇವುಗಳ ಭಾಷೆ ಸಾಮಾನ್ಯ ಓದುಗನಿಗೆ ಎಟುಕದು. ಕೈಪಿಡಿ ಓದುಗನ ಕೈಗೆ ಸಿಗುತ್ತದೆ, ಕಾರಣ ಹೇಳುವುದಿಲ್ಲ. ಗ್ರಂಥ ಕಾರಣ ಹೇಳುತ್ತದೆ, ಓದುಗನ ಕೈಗೆ ಸಿಗುವುದಿಲ್ಲ. ನಡುವಿನ ಜಾಗವನ್ನು ತುಂಬುವುದು ಶಿಕ್ಷಕರ ಮತ್ತು ವಿಜ್ಞಾನ ಲೇಖಕರ ಕೆಲಸ.

ಎರಡೂ ಬಗೆಯ ಬರಹಗಳಲ್ಲಿ ಅಪರೂಪಕ್ಕೆ ಬರುವ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1942ರಿಂದ 1945ರವರೆಗೆ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರಗಳಲ್ಲೊಂದು ಡೆಲ್ಟಾ ಪಟ್ಟಣದ ಬಳಿ ಇತ್ತು. ಈ ಬೆಟ್ಟದ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಅಲ್ಲಿದ್ದವರು ಹಳೆಯ ಸರೋವರದ ತಳದಿಂದ ಪುಟ್ಟ ಚಿಪ್ಪುಗಳನ್ನು ಅಗೆದು ಆಭರಣ ಮಾಡುತ್ತಿದ್ದರು. 1944ರಲ್ಲಿ ಕಲ್ಲು ಹುಡುಕಲು ಹೋದ ಇಬ್ಬರು ನಿವಾಸಿಗಳು ಡ್ರಮ್ ಬೆಟ್ಟಗಳಲ್ಲಿ 500 ಕಿಲೋಗ್ರಾಂಗೂ ಹೆಚ್ಚು ತೂಕದ ಕಬ್ಬಿಣದ ಉಲ್ಕಾಶಿಲೆಯನ್ನು ಗುರುತಿಸಿದರು. ಸ್ವಾತಂತ್ರ್ಯ ಕಳೆದುಕೊಂಡವರು ವಿಜ್ಞಾನಕ್ಕೆ ಕೊಟ್ಟ ಕೊಡುಗೆ ಇದು. ಸ್ಥಳದ ಚರಿತ್ರೆ ಬರೆಯುವವರು ಇದನ್ನು ಬಿಡಬಾರದು.

ಕೊನೆಯಲ್ಲಿ ಶಿಕ್ಷಕರಿಗೊಂದು ಮಾತು. ಟೊಳ್ಳಿನಿಂದ ಹರಳನ್ನು ಬಿಡಿಸಿದ ಕ್ಷಣದಲ್ಲೇ ಅದರ ನೆರೆಯ ಖನಿಜ, ಕುಳಿತ ದಿಕ್ಕು, ಬಂಡೆಯ ಪದರ ಎಲ್ಲವೂ ಚೆದುರುತ್ತವೆ. ಬರೆದಿಟ್ಟರೆ ಮಾತ್ರ ಉಳಿಯುತ್ತವೆ. ನಿಮ್ಮ ಶಾಲೆಯ ಕಪಾಟಿನಲ್ಲಿರುವ ಕಲ್ಲುಗಳನ್ನು ಒಮ್ಮೆ ಹೊರತೆಗೆಯಿರಿ. ಹೆಸರಿನ ಚೀಟಿಯ ಕೆಳಗೆ ಮೂರು ಪ್ರಶ್ನೆಗಳಿಗೆ ಜಾಗ ಬಿಡಿ: ಎಲ್ಲಿ ಮತ್ತು ಯಾವ ಸ್ಥಿತಿಯಲ್ಲಿ ಸಿಕ್ಕಿತು? ಜೊತೆಯಲ್ಲಿ ಏನಿತ್ತು? ಯಾವ ಪರೀಕ್ಷೆಯಿಂದ ಈ ಹೆಸರು ಕೊಟ್ಟೆವು? ಮೂರಕ್ಕೂ ಉತ್ತರವಿರುವ ಒಂದು ಸಾಧಾರಣ ಬೆಣಚುಕಲ್ಲು, ಯಾವುದಕ್ಕೂ ಉತ್ತರವಿಲ್ಲದ ಹೊಳೆಯುವ ಟೋಪಾಜಿಗಿಂತ ಹೆಚ್ಚು ಪಾಠ ಕಲಿಸುತ್ತದೆ.